ತಂತಿ ಕಟ್ಟಿದ ಡಾಕ್ಟರ್

ಸುರಪುರದ ನಮ್ಮ ಮನೆ ಮಾಳಿಗೆ ಮೇಲೆ ಎಳೆದಿದ್ದ ನೆಟ್‌ವರ್ಕ್ ಕೇಬಲ್ ಹಿಡಿದು ಮಂಗಗಳು ಜೋತಾಡಿ, ಹರಿದುಹಾಕಿದ್ವು. ಇದಕ್ಕೆ ಉಪಾಯ ಹುಡುಕುವಾಗ ಸಿಕ್ಕವರು ವಿಲಿಯಂ ಓಶಾನೆಸ್ಸಿ.

1809ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಇವರು ಓದಿದ್ದು ಡಾಕ್ಟರಿಕೆ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತಾನೇ, 1839ರಲ್ಲಿ ಬಿದಿರಿನ ಗಳಗಳ ಮೇಲೆ ಮೈಲಿಗಟ್ಟಲೆ ತಂತಿ ಕಟ್ಟಿ ಟೆಲಿಗ್ರಾಫ್ ನಡೆಸಿ ತೋರಿಸಿದ್ರು. ಸರ್ಕಾರ ತಲೆ ಕೆಡಿಸಿಕೊಳ್ಳಲಿಲ್ಲ. ಹತ್ತು ವರ್ಷಕ್ಕಿಂತ ಹೆಚ್ಚು ಕಾದರು. ಕೊನೆಗೆ ಡಾಲ್‌ಹೌಸಿ ಒಪ್ಪಿದಾಗ ತೆಳು ತಂತಿ ಬಿಟ್ಟು ದಪ್ಪ ಕಬ್ಬಿಣದ ಸರಳು ಆರಿಸಿದರು. ಮಂಗ, ಹದ್ದು ಕೂತರೂ ತಡೀಬೇಕಲ್ಲ! 1855ರ ಹೊತ್ತಿಗೆ ಕಲ್ಕತ್ತಾ, ಆಗ್ರಾ, ಬಾಂಬೆ, ಮದ್ರಾಸ್ ಒಂದಕ್ಕೊಂದು ಸೇರಿದವು. 1889ರಲ್ಲಿ ಅವರು ತೀರಿಕೊಂಡರು.

ನಾವು ಸ್ಪೀಡ್ ನೋಡಿ ಕೇಬಲ್ ತಂದಿದ್ವಿ, ಅದರ ಭಾರ ಹೊರೋದು ಯಾವುದು ಅಂತ ಯೋಚಿಸಿರಲಿಲ್ಲ. ಈ ಸಲ ಪೈಪಿನೊಳಗೆ ಹಾಕಿ ಗೋಡೆಗೆ ಕ್ಲಾಂಪ್ ಹೊಡೆದಿದ್ದೀವಿ.