ರಾಜ್ಯತ್ಯಾಗಿ ಮಾರಸಿಂಹ

ನಮ್ಮ ಧರ್ಮಪುರಿಗೆ ಹಿಂದೆ ತಗಡೂರೆಂದು ಹೆಸರಿದ್ದಿತು. ಅಲ್ಲಿ ದೊರೆತ ಒಂಬತ್ತನೆಯ ಶತಮಾನದ ಕನ್ನಡ ಶಾಸನಗಳು ನೊಳಂಬ ಅರಸರ ಕಾಲದವು. ಮುಂದಿನ ಶತಮಾನದಲ್ಲಿ ಆ ನೊಳಂಬರನ್ನು ಮುರಿದು, ನೊಳಂಬಕುಲಾಂತಕನೆಂಬ ಬಿರುದನ್ನು ಧರಿಸಿದವನು ಗಂಗವಂಶದ ಇಮ್ಮಡಿ ಮಾರಸಿಂಹ. ಕಂಬೈನಲ್ಲೂರಿನ ಕಡೆಯವರಾದ ನಮಗೆ ಆತನು ಮೊದಲು ಪರಿಚಿತನಾಗುವುದು ಹೀಗೆ, ಒಂದು ಕುಲಕ್ಕೆ ಮೃತ್ಯುವಾದವನೆಂದು. ಆದರೆ ಆತನ ಬಾಳಿನ ಕಡೆಯ ಭಾಗವು ಬೇರೊಂದು ಬಗೆಯದು.

ಬೂತುಗನ ಮಗನಾದ ಮಾರಸಿಂಹನು 963ರಲ್ಲಿ ಪಟ್ಟವೇರಿದನು. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನಿಗಾಗಿ ಉತ್ತರದೇಶದವರೆಗೂ ದಂಡೆತ್ತಿ ಹೋದನು. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಸಿಂಹಾಸನವನ್ನು ಕಿತ್ತುಕೊಂಡಾಗ, ಕೃಷ್ಣನ ಮೊಮ್ಮಗನಾದ ಇಂದ್ರನಿಗೆ ಪಟ್ಟಗಟ್ಟಿ, ಕುಸಿಯುತ್ತಿದ್ದ ಆ ಮನೆತನವನ್ನು ಎತ್ತಿಹಿಡಿಯಲು ಹೆಣಗಿದನು. ಯತ್ನವು ಕೈಗೂಡಲಿಲ್ಲ.

ಇಲ್ಲಿ ಒಂದು ಭೇದವನ್ನು ನಾವು ಅರಿಯಬೇಕು. ಕಳೆದುಕೊಳ್ಳುವುದು ಬೇರೆ, ಬಿಟ್ಟುಕೊಡುವುದು ಬೇರೆ. ರಾಷ್ಟ್ರಕೂಟರು ರಾಜ್ಯವನ್ನು ಕಳೆದುಕೊಂಡರು. ಮಾರಸಿಂಹನ ಗಂಗಪಟ್ಟವನ್ನಾದರೋ ಯಾರೂ ಕಸಿದುಕೊಂಡಿರಲಿಲ್ಲ. ಮಂತ್ರಿಯೂ ದಂಡನಾಯಕನೂ ಆದ ಚಾವುಂಡರಾಯನಂತಹ ವೀರನು ಬೆಂಬಲಕ್ಕಿದ್ದನು. ಆದರೂ ಆತನು ತಾನಾಗಿ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯನ್ನು ಸೇರಿ, 974ರ ಸುಮಾರಿಗೆ ಮೂರು ದಿನಗಳ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು.

ಸೋಲಿನ ನೋವೇ ಈ ವೈರಾಗ್ಯಕ್ಕೆ ಕಾರಣವೆಂದು ಕೆಲವರು ಹೇಳಿಯಾರು. ಇದ್ದರೂ ಇರಬಹುದು. ಆದರೆ ಸೋತವರು ಸಾಮಾನ್ಯವಾಗಿ ಉಳಿದುದನ್ನು ಮತ್ತಷ್ಟು ಬಿಗಿಯಾಗಿ ಹಿಡಿಯುವರು. ಈತನು ಹಿಡಿತವನ್ನೇ ಸಡಿಲಿಸಿದನು. ಆ ತ್ಯಾಗವು ನಾಡಿಗೆ ಸುಲಭವಾಗಿರಲಿಲ್ಲವೆಂಬುದೂ ನಿಜ. ಆತನ ಬಳಿಕ ಪಟ್ಟಕ್ಕಾಗಿ ಕಲಹಗಳು ಹುಟ್ಟಿ, ಚಾವುಂಡರಾಯನು ಅವನ್ನು ಅಡಗಿಸಬೇಕಾಯಿತು.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಮಾರಸಿಂಹನ ವಿಜಯಗಳನ್ನೂ ರಾಜ್ಯತ್ಯಾಗವನ್ನೂ ಒಟ್ಟಿಗೆ ಹೇಳುತ್ತದೆ. ಅದರೆದುರಿನ ದೊಡ್ಡಬೆಟ್ಟದಲ್ಲಿ ಚಾವುಂಡರಾಯನು ಸುಮಾರು 981ರಲ್ಲಿ ನಿಲ್ಲಿಸಿದ, 57 ಅಡಿಗಳಷ್ಟು ಎತ್ತರದ ಮೂರ್ತಿಯು ಯಾರದು? ಅಣ್ಣನನ್ನು ಗೆದ್ದೂ, ಗೆದ್ದ ರಾಜ್ಯವನ್ನು ಆತನಿಗೇ ಬಿಟ್ಟುಕೊಟ್ಟ ಬಾಹುಬಲಿಯದು. ರಾಜ್ಯವನ್ನು ಬಿಟ್ಟ ಅರಸನ ಮಂತ್ರಿಗೆ ಈ ಮೂರ್ತಿಯು ಎಷ್ಟು ಒಪ್ಪುವುದೆಂಬುದನ್ನು ವಾಚಕರೇ ಭಾವಿಸಬಹುದು.

ಬೆಳಗೊಳಕ್ಕೆ ಹೋದಾಗ ನಮ್ಮ ಮಕ್ಕಳಿಗೆ ಆ ಕಂಬವನ್ನೂ ತೋರಿಸೋಣ. ನೊಳಂಬರ ನೆಲದವರಾದ ನಾವು ಮಾರಸಿಂಹನ ಕತ್ತಿಯನ್ನು ಹೊಗಳಬೇಕಾಗಿಲ್ಲ; ಅದನ್ನು ಕೆಳಗಿಟ್ಟ ಕೈಗೆ ನಮಿಸಿದರೆ ಸಾಕು.