ಹಳೇ ಕ್ಯಾಲೆಂಡರ್ ಚಿತ್ರಗಳೆಲ್ಲ ರವಿವರ್ಮನವೇ? ಕಲಬುರಗಿಯ ಎಸ್.ಎಂ. ಪಂಡಿತ್ ಮತ್ತು ಬೆಳಕಿನ ಲೆಕ್ಕ

ಹಬ್ಬ ಬಂತೆಂದರೆ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಹಳೇ ಕ್ಯಾಲೆಂಡರ್ ಚಿತ್ರಗಳು ಓಡಾಡುತ್ತವೆ. ಶಿವ, ಕೃಷ್ಣ, ದುರ್ಗೆ ಯಾರೇ ಇರಲಿ, ಕೆಳಗೆ ಬರೆದಿರುವುದು ಒಂದೇ ಸಾಲು: ರಾಜಾ ರವಿವರ್ಮನ ಅಪರೂಪದ ಚಿತ್ರ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಆಮೇಲೆ ಹತ್ತು ವರ್ಷಕ್ಕೆ, 1916ರಲ್ಲಿ, ಕಲಬುರಗಿಯಲ್ಲಿ ಇನ್ನೊಬ್ಬ ಕಲಾವಿದ ಹುಟ್ಟಿದರು. ಸಾಂಬಾನಂದ ಮೋನಪ್ಪ ಪಂಡಿತ್. ಮುಂದೆ ಅವರ ದೇವರ ಚಿತ್ರಗಳೂ ಕ್ಯಾಲೆಂಡರ್ ಆಗಿ ದೇಶದ ಮನೆಮನೆಯ ಗೋಡೆ ಸೇರಿದವು. ಫಾರ್ವರ್ಡ್ ಮಾಡುವವರಿಗೆ ಮಾತ್ರ ಅವರ ಹೆಸರು ಗೊತ್ತಿಲ್ಲ.

ಇಬ್ಬರ ಚಿತ್ರವನ್ನು ಬೇರೆ ಮಾಡಿ ಗುರುತಿಸಲು ಸುಲಭದ ದಾರಿ ಒಂದಿದೆ: ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡುವುದು. ಪಂಡಿತರ ಚಿತ್ರದಲ್ಲಿ ಅದು ಸಿನಿಮಾ ಬೆಳಕು. ಅದು ಅಲ್ಲಿಗೆ ಹೇಗೆ ಬಂತು ಅನ್ನುವುದೇ ಅವರ ಬದುಕಿನ ಕಥೆ.

ಆಗ ಕಲಬುರಗಿ ನಿಜಾಮರ ಆಡಳಿತದಲ್ಲಿತ್ತು, ಹೆಸರು ಗುಲಬರ್ಗಾ. ಊರಲ್ಲಿ ಶಂಕರರಾವ್ ಆಳಂದಕರ್ ಅವರ ಬಳಿ ಚಿತ್ರಕಲೆಯ ಮೊದಲ ಪಾಠ ಆಯಿತು. ಅಲ್ಲಿಂದ ಮದ್ರಾಸಿನ ಕಲಾಶಾಲೆ, ನಂತರ ಮುಂಬೈ. ಮುಂಬೈಯಲ್ಲಿ ಕನ್ನಡಿಗ ಗುರು ದಂಡಾವತಿಮಠ ಅವರ ನೂತನ ಕಲಾ ಮಂದಿರದಲ್ಲಿ ಕಲಿತು, ಜೆ.ಜೆ. ಕಲಾಶಾಲೆಗೂ ಹೋದರು. ಇಂಥ ಶಾಲೆಗಳಲ್ಲಿ ಮುಖ್ಯ ಪಾಠವೇ ದೇಹದ ಅಭ್ಯಾಸ. ಎದುರಿಗೆ ಒಬ್ಬ ಮನುಷ್ಯ ಗಂಟೆಗಟ್ಟಲೆ ಕೂತಿರುತ್ತಾನೆ, ವಿದ್ಯಾರ್ಥಿ ನೋಡಿ ಬರೆಯುತ್ತಾನೆ. ಎಲುಬು ಎಲ್ಲಿ, ಮಾಂಸ ಎಲ್ಲಿ, ನೆರಳು ಯಾವ ಕಡೆ ಬಿತ್ತು.

1938ರಲ್ಲಿ ಹಾಲಿವುಡ್‌ನ ಎಂಜಿಎಂ ಕಂಪನಿ ಮುಂಬೈಯ ಧೋಬಿ ತಲಾವ್ ಬಳಿ ಮೆಟ್ರೊ ಟಾಕೀಸ್ ಕಟ್ಟಿತು. ಪಂಡಿತರು ಎಂಜಿಎಂ ಸಿನಿಮಾಗಳಿಗೆ ಷೋಕಾರ್ಡ್ ಬರೆದರು. ಷೋಕಾರ್ಡ್ ಅಂದರೆ ಟಾಕೀಸಿನಲ್ಲಿ ಜನರ ಕಣ್ಣಿಗೆ ಬೀಳುವ ಹಾಗೆ ಇಡುತ್ತಿದ್ದ ಬಣ್ಣದ ಚಿತ್ರ. ಸಿನಿಮಾದ ಸ್ಟಿಲ್ ಫೋಟೊ ಮುಂದಿಟ್ಟುಕೊಂಡು ಬರೆಯುವ ಕೆಲಸ ಅದು. ಆ ಕಾಲದ ಹಾಲಿವುಡ್ ಸ್ಟಿಲ್‌ಗಳಲ್ಲಿ ಮುಖ್ಯ ದೀಪ ಮೇಲಿನಿಂದ, ತುಸು ಪಕ್ಕದಿಂದ ಬೀಳುತ್ತಿತ್ತು. ಹಿಂದಿನಿಂದ ಇನ್ನೊಂದು ದೀಪ ಕೂದಲು, ಭುಜದ ಅಂಚಿಗೆ ಬೆಳ್ಳಿಗೆರೆ ಎಳೆಯುತ್ತಿತ್ತು. ಆ ಗೆರೆಯಿಂದಲೇ ಮನುಷ್ಯ ಹಿನ್ನೆಲೆಯಿಂದ ಕಿತ್ತು ಮುಂದೆ ಬಂದ ಹಾಗೆ ಕಾಣುವುದು. ಪಂಡಿತರ ದೇವರುಗಳ ಭುಜದ ಮೇಲೂ ಅದೇ ಗೆರೆ ಇದೆ. ಮುಖದ ಒಂದು ಕಡೆ ಬೆಚ್ಚನೆಯ ಬಣ್ಣ, ನೆರಳಿನ ಕಡೆ ತಣ್ಣನೆಯ ನೀಲಿ.

ಮೇಲಿನಿಂದಲೇ ಬೆಳಕು ಏಕೆ? ನಮ್ಮ ಮಿದುಳು ಬೆಳಕು ಮೇಲಿನಿಂದ ಬರುತ್ತದೆ ಎಂದೇ ನಂಬಿಕೊಂಡಿದೆ. ಈ ಬಗ್ಗೆ ವಿ.ಎಸ್. ರಾಮಚಂದ್ರನ್ 1988ರಲ್ಲಿ ಪ್ರಯೋಗಗಳನ್ನು ಪ್ರಕಟಿಸಿದ್ದರು. ಬೇಕಿದ್ದರೆ ಚಂದ್ರನ ಕುಳಿಗಳ ಫೋಟೊ ಒಂದನ್ನು ಮೊಬೈಲಿನಲ್ಲಿ ತಲೆಕೆಳಗು ಮಾಡಿ ನೋಡಿ, ಎಷ್ಟೋ ಕುಳಿಗಳು ದಿಬ್ಬದ ಹಾಗೆ ಕಾಣುತ್ತವೆ. ಗದ್ದದ ಕೆಳಗೆ ಟಾರ್ಚ್ ಹಿಡಿದರೆ ಪರಿಚಿತ ಮುಖವೂ ದೆವ್ವದಂತೆ ಕಾಣುವುದಕ್ಕೆ ಕಾರಣವೂ ಇದೇ.

ಹಾಗಂತ ತೀರಾ ನೆತ್ತಿಯ ಮೇಲಿನ ಬೆಳಕೂ ಬೇಡ. ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ತಲೆಯ ಮೇಲಿರುತ್ತಾನೆ. ಆಗಲೇ ಮದುವೆ ಸೀಸನ್, ಆಗಲೇ ಕುಸನೂರಿನ ಕಡೆ ಹೊಸ ಮನೆಗಳ ವಾಸ್ತು ಶಾಂತಿ. ಅಂಗಳದಲ್ಲಿ ನಿಲ್ಲಿಸಿ ತೆಗೆದ ಫೋಟೊದಲ್ಲಿ ಎಲ್ಲರ ಕಣ್ಣಿನ ಗೂಡು ಕಪ್ಪು. ಫೋನ್ ಹಳೆಯದು ಅಂತ ಬೈದುಕೊಳ್ಳುತ್ತೇವೆ, ತಪ್ಪು ಫೋನಿನದಲ್ಲ. ಅವರನ್ನೇ ಬಾಗಿಲ ಒಳಗೆ ನೆರಳಿನಲ್ಲಿ, ಹೊರಗಿನ ಬೆಳಕು ಮುಖಕ್ಕೆ ಓರೆಯಾಗಿ ಬೀಳುವಂತೆ ಕೂರಿಸಿ. ಬಾಗಿಲು ದೊಡ್ಡ ದೀಪವಿದ್ದಂತೆ, ದೀಪ ದೊಡ್ಡದಾದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ. ಕತ್ತಲಿರುವ ಕಡೆ ಯಾರಾದರೂ ಒಂದು ಬಿಳಿ ಧೋತರ ಬಿಡಿಸಿ ಹಿಡಿದರೆ ಸಾಕು. ಫೋನಿನ ಫ್ಲ್ಯಾಶ್ ಮಾತ್ರ ಬೇಡ. ಅದು ಲೆನ್ಸ್ ಪಕ್ಕದಲ್ಲೇ ಇರುವುದರಿಂದ ನೆರಳನ್ನೆಲ್ಲ ಅಳಿಸಿ ಮುಖವನ್ನು ರೊಟ್ಟಿಯಂತೆ ಚಪ್ಪಟೆ ಮಾಡುತ್ತದೆ.

ನಿಲುವಿನದೂ ಒಂದು ಲೆಕ್ಕ. ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಂತರೆ ಮನುಷ್ಯ ಕಂಬದಂತೆ. ಭಾರ ಒಂದೇ ಕಾಲಿಗೆ ಹೋದಾಗ ಸೊಂಟ ಒಂದು ಕಡೆ ಏರುತ್ತದೆ, ತೋಲ ಕಾಯಲು ಅದೇ ಕಡೆಯ ಭುಜ ಇಳಿಯುತ್ತದೆ, ದೇಹ ಈಗ ನಡೆದೀತು ಅನ್ನಿಸುತ್ತದೆ. ಬೇಲೂರಿನ ಮದನಿಕೆಯರು ನಿಂತಿರುವುದು ಹೀಗೆಯೇ, ಪಂಡಿತರ ಪುರಾಣದ ನಾಯಕಿಯರೂ ಹೀಗೆಯೇ. ಹಾಲಿವುಡ್ ಬೆಳಕಿಗೆ ನಮ್ಮ ಶಿಲ್ಪದ ಭಂಗಿ ಸೇರಿಸಿದ್ದು ಅವರ ದೊಡ್ಡ ಕೆಲಸ ಎಂದು ನನಗನ್ನಿಸುತ್ತದೆ. ಕ್ಯಾಲೆಂಡರ್ ಕಲೆ ಎಂದು ಮೂಗು ಮುರಿಯುವವರು ಇದನ್ನು ಗಮನಿಸುವುದು ಕಡಿಮೆ.

ಫಿಲ್ಮ್ ಇಂಡಿಯಾ ಪತ್ರಿಕೆಯ ಮುಖಪುಟ, ಹಿಂದಿ ಸಿನಿಮಾ ಪೋಸ್ಟರ್, ಪಾರ್ಲೆ ಕಂಪನಿಯ ಕ್ಯಾಲೆಂಡರ್ ಹೀಗೆ ಕೆಲಸ ಬೆಳೆಯಿತು, ಮುಂಬೈಯಲ್ಲಿ ಸ್ವಂತ ಸ್ಟುಡಿಯೊ ಆಯಿತು. ಹೆಚ್ಚಾಗಿ ಗುವಾಶ್ ಎಂಬ ನೀರಿನ ಗಟ್ಟಿಬಣ್ಣ ಬಳಸುತ್ತಿದ್ದರು. ಬೇಗ ಒಣಗುವ ಬಣ್ಣ ಅದು, ಅದರಲ್ಲಿ ಚರ್ಮದ ನಯ ತರುವುದು ಸುಲಭವಲ್ಲ.

ಫೋಟೊ ನೋಡಿ ಬರೆದರೆ ಅದು ಕಲೆಯಲ್ಲ ಅನ್ನುವ ಮಾತೂ ಇದೆ. ಕನ್ಯಾಕುಮಾರಿಯ ವಿವೇಕಾನಂದ ಕೇಂದ್ರಕ್ಕೆ ವಿವೇಕಾನಂದರ ಚಿತ್ರ ಬರೆದವರು ಪಂಡಿತರು. ವಿವೇಕಾನಂದರು ತೀರಿಕೊಂಡಿದ್ದು 1902ರಲ್ಲಿ, ಪಂಡಿತರು ಹುಟ್ಟುವುದಕ್ಕೆ 14 ವರ್ಷ ಮೊದಲು. ಆ ಮುಖಕ್ಕೆ ಹಳೆಯ ಕಪ್ಪುಬಿಳುಪು ಫೋಟೊಗಳೇ ಆಧಾರ. ಬಣ್ಣವನ್ನಂತೂ ಅವು ಹೇಳಿಕೊಡುವುದಿಲ್ಲ, ಅದು ಕಲಾವಿದನ ಕಣ್ಣಿನಿಂದಲೇ ಬರಬೇಕು.

1960ರ ದಶಕದ ಕೊನೆಗೆ ಪಂಡಿತರು ಮುಂಬೈ ಬಿಟ್ಟು ಊರಿಗೆ ಮರಳಿದರು. ಇಲ್ಲೂ ಕುಂಚ ಕೆಳಗಿಡಲಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1993ರಲ್ಲಿ ತೀರಿಕೊಂಡರು. ನಗರದ ರಂಗಮಂದಿರಕ್ಕೆ ಅವರದೇ ಹೆಸರು. ಅಲ್ಲಿ ನಾಟಕ ನೋಡಿ ಬರುವ ಎಷ್ಟೋ ಜನ ಅವರು ರಂಗಕರ್ಮಿ ಎಂದುಕೊಂಡಿದ್ದಾರೆ!

ಇನ್ನು ಮನೆಯಲ್ಲಿರುವ ಹಳೇ ಕ್ಯಾಲೆಂಡರಿನ ವಿಷಯ. ದೇವರ ಮುಖ ವರ್ಷ ಕಳೆದಂತೆ ನೀಲಿಗಟ್ಟಿದ್ದರೆ ಅದು ಪವಾಡವೂ ಅಲ್ಲ, ಅಪಶಕುನವೂ ಅಲ್ಲ. ಸೋವಿ ಮುದ್ರಣದ ಕೆಂಪು, ಹಳದಿ ಶಾಯಿ ಬಿಸಿಲಿಗೆ ಮೊದಲು ಮಾಸುತ್ತದೆ, ನೀಲಿ ಉಳಿಯುತ್ತದೆ. ಮಾಸುವ ಮೊದಲೇ ಅದರ ಫೋಟೊ ತೆಗೆದಿಡಿ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಇಡಿ, ಗಾಜು ತೆಗೆಯಿರಿ, ಫೋನನ್ನು ಚಿತ್ರಕ್ಕೆ ನೇರ ಹಿಡಿಯಿರಿ. ಗ್ರೂಪಿಗೆ ಕಳಿಸುವಾಗ ಕೆಳಗಿನ ಮೂಲೆಯನ್ನು ಕತ್ತರಿಸಬೇಡಿ, ಕಲಾವಿದನ ಸಹಿ ಇರುವುದು ಸಾಮಾನ್ಯವಾಗಿ ಅಲ್ಲೇ.