ಅಣ್ಣ ತಮ್ಮಂದಿರನ್ನು ನುಂಗಿದ ರೋಗ ಮತ್ತು ಡಾ. ಸುಬ್ಬರಾವ್

ಮೆಟ್ರಿಕ್‌ನಲ್ಲಿ ಎರಡು ಸಲ ಫೇಲಾದ ಹುಡುಗನೊಬ್ಬ ಮುಂದೆ ಜಗತ್ತಿಗೇ ಔಷಧಿ ಕೊಟ್ಟ ಅಂದರೆ ನಂಬುತ್ತೀರಾ ಗೆಳೆಯರೇ? ಅವರೇ ಡಾ. ಯೆಲ್ಲಾಪ್ರಗಡ ಸುಬ್ಬರಾವ್.

ಅವರು ಹುಟ್ಟಿದ್ದು 1895ರ ಜನವರಿ 12ರಂದು, ಆಂಧ್ರದ ಭೀಮವರಂನಲ್ಲಿ. ಮನೆಯಲ್ಲಿ ಬಡತನ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡ್ತೀನಿ ಅಂತ ಹದಿಮೂರನೇ ವಯಸ್ಸಿಗೇ ಮನೆ ಬಿಟ್ಟು ಓಡಿದ್ದರಂತೆ! ತಾಯಿ ವೆಂಕಮ್ಮ ಹಿಡಿದು ತಂದು ಮತ್ತೆ ಶಾಲೆಗೆ ಹಾಕಿದರು. ಮೂರನೇ ಸಲ ಪಾಸಾಗಿ, ಮುಂದೆ ಮದ್ರಾಸಿನ ಮೆಡಿಕಲ್ ಕಾಲೇಜು ಸೇರಿದರು. ಅಲ್ಲಿ ಗಾಂಧೀಜಿ ಮಾತಿಗೆ ಓಗೊಟ್ಟು ಖಾದಿ ನಿಲುವಂಗಿ ತೊಟ್ಟಿದ್ದಕ್ಕೆ ಇಂಗ್ಲಿಷ್ ಪ್ರೊಫೆಸರಿಗೆ ಸಿಟ್ಟು ಬಂತು. ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಕೊಟ್ಟು ಕಳಿಸಿದರು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮನೆಯಲ್ಲಿ. ಅಣ್ಣ ಪುರುಷೋತ್ತಮ, ತಮ್ಮ ಕೃಷ್ಣಮೂರ್ತಿ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಸ್ಪ್ರೂ ಎಂಬ ಕರುಳಿನ ರೋಗ. ಉಂಡದ್ದು ಮೈಗೆ ಹತ್ತೋದಿಲ್ಲ, ಭೇದಿ ನಿಲ್ಲೋದಿಲ್ಲ, ರಕ್ತ ಕಡಿಮೆಯಾಗಿ ಮನುಷ್ಯ ಕಡ್ಡಿಯಾಗುತ್ತಾನೆ. ಸುಬ್ಬರಾವ್ ಅವರಿಗೂ ಅದೇ ರೋಗ ತಗುಲಿತ್ತು. ಆಚಂಟ ಲಕ್ಷ್ಮೀಪತಿ ಎಂಬ ವೈದ್ಯರ ಆಯುರ್ವೇದ ಔಷಧಿಯಿಂದ ಗುಣವಾಯಿತು. ಈ ರೋಗಕ್ಕೆ ಮದ್ದು ಹುಡುಕಲೇಬೇಕು ಎಂಬ ಹಟ ಆಗ ಹುಟ್ಟಿದ್ದು.

ಅಮೆರಿಕಕ್ಕೆ ಹೋದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯೋ ಕೆಲಸ. ಹಗಲು ಹಾರ್ವರ್ಡ್‌ನಲ್ಲಿ ಓದು, ಸಂಶೋಧನೆ. ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧಿ ಕಂಪನಿ ಸೇರಿದರು.

1945ರಲ್ಲಿ ಅವರ ತಂಡ ಫೋಲಿಕ್ ಆಮ್ಲ ತಯಾರಿಸಿತು. ನಾವು ತಿನ್ನೋ ಸೊಪ್ಪಿನಲ್ಲೂ ಇರೋ ವಿಟಮಿನ್ ಇದು. ಇದನ್ನು ಕೊಟ್ಟಾಗ ಸ್ಪ್ರೂ ರೋಗಿಗಳು ಚೇತರಿಸಿಕೊಂಡರು. ಅದೇ ಪ್ರಯೋಗಾಲಯದಲ್ಲಿ ಎಪ್ಪತ್ತು ದಾಟಿದ ವಿಜ್ಞಾನಿ ಡಗ್ಗರ್ ಹೊಲದ ಮಣ್ಣಿನಲ್ಲಿ ಬಂಗಾರದ ಬಣ್ಣದ ಸೂಕ್ಷ್ಮಜೀವಿಯನ್ನು ಕಂಡರು. ಅದರಿಂದ ಬಂದ ಔಷಧಿ ಆರಿಯೋಮೈಸಿನ್. ಸಂಶೋಧನೆಯ ಮುಖ್ಯಸ್ಥರು ನಮ್ಮ ಸುಬ್ಬರಾವ್. ಇದೇ ವಂಶದ್ದು ಟೆಟ್ರಾಸೈಕ್ಲಿನ್. ಬ್ಯಾಕ್ಟೀರಿಯಾ ತನಗೆ ಬೇಕಾದ ಪ್ರೋಟೀನ್ ಮಾಡಿಕೊಳ್ಳದಂತೆ ತಡೆಯುತ್ತದೆ. ಅದು ಬೆಳೆಯೋದೇ ನಿಲ್ಲುತ್ತದೆ. ಕಾಲರಾದಲ್ಲಿ ಮೊದಲು ಉಪ್ಪು ಸಕ್ಕರೆ ನೀರು ಕೊಟ್ಟು, ಜೊತೆಗೆ ಈ ಜಾತಿಯ ಔಷಧಿ ಕೊಟ್ಟರೆ ಭೇದಿ ಬೇಗ ಹಿಡಿತಕ್ಕೆ ಬರುತ್ತದೆ. (ವೈರಸ್‌ನಿಂದ ಬರೋ ಭೇದಿಗೆ ಇದು ನಾಟೋದಿಲ್ಲ, ಡಾಕ್ಟರೇ ನೋಡಿ ಕೊಡಬೇಕು.) ಅಣ್ಣ ತಮ್ಮನನ್ನು ಕೊಂದ ಸ್ಪ್ರೂ ರೋಗಕ್ಕೂ ಮುಂದೆ ವೈದ್ಯರು ಫೋಲಿಕ್ ಆಮ್ಲ, ಟೆಟ್ರಾಸೈಕ್ಲಿನ್ ಎರಡನ್ನೂ ಸೇರಿಸಿಯೇ ಕೊಡತೊಡಗಿದರು.

ಅದನ್ನು ನೋಡಲು ಅವರು ಉಳಿದಿರಲಿಲ್ಲ. ಆರಿಯೋಮೈಸಿನ್ ಹೊರಬಂದ 1948ರಲ್ಲೇ, ಆಗಸ್ಟ್ ತಿಂಗಳಲ್ಲಿ, ನಿದ್ದೆಯಲ್ಲೇ ಪ್ರಾಣ ಹೋಯಿತು. ಆಗ 53 ವರ್ಷ. ಅಮೆರಿಕಕ್ಕೆ ಹೋದವರು ಒಮ್ಮೆಯೂ ಊರಿಗೆ ಬರಲಿಲ್ಲ. ಇಲ್ಲಿ ಕಾಯುತ್ತಿದ್ದ ಹೆಂಡತಿ ಶೇಷಗಿರಿಯಮ್ಮ ಅವರನ್ನು ಮತ್ತೆ ನೋಡಲೇ ಇಲ್ಲ.